ಮನೆಯ ಉರುವಲಿಗೆ ಕಟ್ಟಿಗೆ ಸೀಳುವ ಸಾಧನದ ಆಯ್ಕೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಅಡಿಗೆಮನೆಗೆ ಗ್ಯಾಸು ಬಂದಿದ್ದರೂ ಬಚ್ಚಲ ಒಲೆಗೆ, ಮದುವೆ-ಜಾತ್ರೆಗಳ ಅಡಿಗೆಗೆ ಕಟ್ಟಿಗೆಯ ಅವಶ್ಯಕತೆಯು ತಪ್ಪಿಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳನ್ನು ಕೈಯಿಂದಲೇ ಮುರಿದು ಒಲೆಗಿಡಬಹುದು. ಬೆಲ್ಲದ ಗಾಣದ ಒಲೆಗೆ ಕಬ್ಬಿನ ಸಿಪ್ಪೆಯು ಒದಗುವದು. ಸೀಳುವ ಪ್ರಶ್ನೆಯು ಏಳುವದು ಬದುವಿನ ಕರಿಜಾಲಿ, ಬೇವು, ಹಳ್ಳದ ದಂಡೆಯ ಬಳ್ಳಾರಿಜಾಲಿ ಇವುಗಳ ಬೊಡ್ಡೆಗಳ ವಿಷಯದಲ್ಲಿ. ಈ ಕೆಲಸಕ್ಕೆ ಬಗೆಬಗೆಯ ಯಂತ್ರಗಳು ಮಾರಾಟಕ್ಕೆ ಬಂದಿರುವದರಿಂದ, ಹಣ ತೆರುವ ಮೊದಲು ಜಮೀನುದಾರರು ವಿಚಾರ ಮಾಡತಕ್ಕ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

1. ಮೊದಲು ಕಟ್ಟಿಗೆಯ ಲೆಕ್ಕ

ಒಂದು ಮನೆಗೆ ದಿನಕ್ಕೆ 5 ಕಿಲೋ ಸೀಳಿದ ಕಟ್ಟಿಗೆ ಬೇಕೆಂದು ಹಿಡಿದರೆ ವರ್ಷಕ್ಕೆ 1825 ಕಿಲೋ ಆಗುವದು. ಒಂದೊಂದು ತುಂಡು 5 ಕಿಲೋ ತೂಕದ್ದಾದರೆ ತುಂಡುಗಳು 365. ತುಂಡೊಂದಕ್ಕೆ ಯಂತ್ರದ ನಾಲ್ಕು ಒತ್ತುಗಳು, ಒಂದು ಒತ್ತಿಗೆ 20 ಸೆಕೆಂಡು ಎಂದರೆ ಇಡೀ ವರ್ಷದ ಕೆಲಸವು ಸುಮಾರು 8 ತಾಸಿನಲ್ಲಿ ತೀರುವದು. ತುಂಡು ಎತ್ತಿಡುವ ವೇಳೆಯನ್ನು ಕೂಡಿಸಿದರೂ ಎರಡು ದಿನ ಸಾಕು. ಉಳಿದ 363 ದಿನ ಯಂತ್ರವು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವದು. ಆದುದರಿಂದ ಒಂದೇ ಮನೆಯವರು ಯಂತ್ರ ಕೊಳ್ಳುವದು ಸಾಮಾನ್ಯವಾಗಿ ಲಾಭದ ಮಾತಲ್ಲ.

2. ಕೈಸಾಧನಗಳು

ಮರ ಕಡಿಯುವ ಕೊಡಲಿಯು ತೆಳ್ಳಗಿದ್ದು ತುಂಡಿನಲ್ಲಿ ನೆಟ್ಟು ನಿಲ್ಲುವದು. ಸೀಳುವ ಕೊಡಲಿಯು ಬೇರೆಯೇ ಇರತಕ್ಕದ್ದು. ಅದರ ತಲೆಯು ಬೆಣೆಯಂತೆ ದಪ್ಪನಾಗಿದ್ದು, 2½ ರಿಂದ 3½ ಕಿಲೋ ತೂಗಬೇಕು. ಅದು ಕಡಿಯುವದಿಲ್ಲ, ಎಳೆಗಳನ್ನು ಎರಡೂ ಕಡೆಗೆ ಸರಿಸುವದು. ಗಂಟುಳ್ಳ ಬೊಡ್ಡೆಗೆ ಎರಡು ಕಬ್ಬಿಣದ ಬೆಣೆಗಳನ್ನೂ ಒಂದು ದೊಡ್ಡ ಸುತ್ತಿಗೆಯನ್ನೂ ಊರಿನ ಕಮ್ಮಾರನಿಂದ ಮಾಡಿಸಿದರೆ ಒಂದು ಮನೆಯ ಕೆಲಸ ಸಾಗುವದು. ಬೆಣೆಯ ತಲೆಯು ಪೆಟ್ಟಿನಿಂದ ಅಣಬೆಯಂತೆ ಅರಳಿದರೆ ಅದನ್ನು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಚೂರು ಸಿಡಿದು ಕಣ್ಣು ಹೋಗುವ ಭಯವುಂಟು.

3. ಯಂತ್ರಗಳು

ಯಂತ್ರಗಳಲ್ಲಿ ಮುಖ್ಯವಾದವು ಎರಡು ಬಗೆ. ಮೊದಲನೆಯದು ತಿರುಗುವ ಶಂಕುವಿನದು. ಟ್ರ್ಯಾಕ್ಟರಿಗಾಗಲಿ ಮೋಟರಿಗಾಗಲಿ ಜೋಡಿಸಿದ ಶಂಕುವು ತಿರುಪಿನಂತೆ ಕಟ್ಟಿಗೆಯನ್ನು ಹೊಕ್ಕು ಸೀಳುವದು. ಬೆಲೆ ಕಡಿಮೆ, ಆದರೆ ಅಪಾಯ ಹೆಚ್ಚು. ಧೋತರದ ಚುಂಗು, ಸೀರೆಯ ಸೆರಗು ಸಿಕ್ಕರೆ ಕ್ಷಣಮಾತ್ರದಲ್ಲಿ ಮನುಷ್ಯನನ್ನೇ ಎಳೆದುಕೊಳ್ಳುವದು. ತುಂಡು ಸಹ ಗರಗರನೆ ತಿರುಗಿ ಬಡಿಯುವದುಂಟು. ಮನೆಬಳಕೆಗೆ ಇದನ್ನು ಕೊಳ್ಳದಿರುವದೇ ಒಳಿತು.

ಎರಡನೆಯದು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು 1795 ರಲ್ಲಿ ಹಕ್ಕು ಪಡೆದ ಒತ್ತುಯಂತ್ರದ ತತ್ವವೇ ಇದಕ್ಕೂ ಆಧಾರ. ಇದರ ಬಲವನ್ನು ಟನ್ನುಗಳಲ್ಲಿ ಹೇಳುವರು. ವ್ಯಾಪಾರಿಯ ಮಾತನ್ನು ಕೊಳ್ಳುವವನು ಲೆಕ್ಕ ಮಾಡಿ ನೋಡಬಹುದು. ಒತ್ತುಕೊಳವೆಯ ಒಳವ್ಯಾಸವು 10 ಸೆಂಟಿಮೀಟರ್ ಇದ್ದರೆ ಅದರ ಬಾಯಿಯ ಕ್ಷೇತ್ರವು ಸುಮಾರು 78 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ಎಣ್ಣೆಯ ಒತ್ತಡವು 200 ಕಿಲೋ ಇದ್ದರೆ ಒಟ್ಟು ಬಲ ಸುಮಾರು 15½ ಟನ್. ಒಳವ್ಯಾಸವು 5 ಸೆಂಟಿಮೀಟರ್ ಮಾತ್ರವಿದ್ದರೆ ಬಲವು ಅರ್ಧವಾಗುವದಿಲ್ಲ, ಕಾಲುಭಾಗಕ್ಕೆ ಇಳಿದು 4 ಟನ್ನಿನೊಳಗೇ ನಿಲ್ಲುವದು. ನೇರ ಎಳೆಯ ಸಣ್ಣ ತುಂಡಿಗೆ 5 ರಿಂದ 7 ಟನ್ ಸಾಕು. ಗಂಟು-ಕವಲುಗಳುಳ್ಳ ಕರಿಜಾಲಿಗೆ 10 ಟನ್ನಿಗಿಂತ ಹೆಚ್ಚಿನದನ್ನೇ ನೋಡಬೇಕು. ಅದೇ ಮೋಟರಿನಿಂದ ಹೆಚ್ಚು ಟನ್ ಪಡೆದರೆ ಒತ್ತು ನಿಧಾನವಾಗುವದೆಂಬುದನ್ನೂ ಮರೆಯಬಾರದು. ತಮ್ಮ ಹೊಲದ ಅತ್ಯಂತ ಒರಟು ಬೊಡ್ಡೆಯನ್ನೇ ಒಯ್ದು, ಎದುರಿಗೆ ಸೀಳಿಸಿ ನೋಡಿ ಕೊಳ್ಳುವದು ಜಾಣತನ.

4. ಕೈಬೆರಳಿನ ರಕ್ಷಣೆ

ಎರಡೂ ಕೈಗಳಿಂದ ಎರಡು ಹಿಡಿಕೆಗಳನ್ನು ಒತ್ತಿದರೆ ಮಾತ್ರ ನಡೆಯುವ, ಕೈಬಿಟ್ಟೊಡನೆ ನಿಲ್ಲುವ ಯಂತ್ರವನ್ನೇ ಆರಿಸಬೇಕು. ಕೆಲಸ ಬೇಗ ಸಾಗಲೆಂದು ಒಂದು ಹಿಡಿಕೆಯನ್ನು ಹಗ್ಗದಿಂದ ಕಟ್ಟಿಹಾಕುವದು ಬೆರಳು ಕಳೆದುಕೊಳ್ಳುವ ದಾರಿ. ಒಬ್ಬನು ತುಂಡು ಹಿಡಿಯುವದು, ಇನ್ನೊಬ್ಬನು ಯಂತ್ರ ನಡೆಸುವದು ಸಲ್ಲದು. ಎಣ್ಣೆ ಸೋರುವ ಸ್ಥಳವನ್ನು ಕೈಯಿಂದ ತಡವಿ ಹುಡುಕಬಾರದು. ಒತ್ತಡದ ಎಣ್ಣೆಯು ಚರ್ಮವನ್ನು ತೂರಿ ಒಳಹೊಗುವದು.

5. ಸೀಳುವ ಕಾಲ

ಕರಿಜಾಲಿಯು ಒಣಗಿದಷ್ಟೂ ಗಟ್ಟಿಯಾಗುವದರಿಂದ ಹಸಿಯಿರುವಾಗಲೇ ಮೊಳದುದ್ದಕ್ಕಿಂತ ಕಡಿಮೆ ತುಂಡು ಮಾಡಿ ಸೀಳಬೇಕು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗಿಟ್ಟರೆ ಬೆಂಕಿಯ ಶಾಖವು ಆ ನೀರನ್ನು ಆವಿಯಾಗಿಸುವದರಲ್ಲಿ ವ್ಯರ್ಥವಾಗಿ, ಹೊಗೆಯು ಹೆಣ್ಣುಮಕ್ಕಳ ಕಣ್ಣಿಗೆ ಬರುವದು. ಸುಗ್ಗಿ ತೀರಿದೊಡನೆ ಸೀಳಿ, ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ ಗಾಳಿಯಾಡುವಂತೆ ಒಟ್ಟಿದರೆ ಬೇಸಿಗೆಯ ಬಿಸಿಲು ಉಪಯೋಗಕ್ಕೆ ಬರುವದು. ಮರಗಳನ್ನು ಕಡಿಯುವ ಮೊದಲು 1976 ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಅಪ್ಪಣೆ ಬೇಕೋ ಹೇಗೆಂಬುದನ್ನು ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳತಕ್ಕದ್ದು.

ಸಾರಾಂಶ: ಒಂದು ಮನೆಗೆ ಸೀಳುವ ಕೊಡಲಿ ಮತ್ತು ಬೆಣೆಗಳು ಸಾಕು. ಹತ್ತಿಪ್ಪತ್ತು ಮನೆಗಳವರು ಕೂಡಿದರೆ ಮಾತ್ರ ಒಳ್ಳೆಯ ಹೈಡ್ರಾಲಿಕ್ ಯಂತ್ರದ ಬೆಲೆ ಹೊರೆಯಾಗದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905 ರಲ್ಲಿಯೇ ಸಹಕಾರಿ ಸಂಘವನ್ನು ಕಟ್ಟಿದ ನಾಡಿಗೆ ಇಂಥ ಕೂಡುಬಾಳು ಹೊಸದಲ್ಲ. ಊರಿನ ಗೌಡರು ಮುಂದಾಗಿ, ಯಂತ್ರವು ಯಾರ ವಶದಲ್ಲಿರಬೇಕು, ದುರಸ್ತಿಯ ವೆಚ್ಚವನ್ನು ಹೇಗೆ ಹಂಚಬೇಕು, ತರಬೇತಿಯಿಲ್ಲದವರು ಮುಟ್ಟದಂತೆ ಏನು ಮಾಡಬೇಕು ಎಂಬುದನ್ನು ಕೊಳ್ಳುವ ಮೊದಲೇ ಬರೆದಿಡುವದು ಹಿತಕರವು.