ಕಲಿಕೆಯ ಕೊರತೆಯೂ ಕೈಗೆಲಸದ ಪಾಠವೂ

ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಅಂಜುವ ವಿದ್ಯಾರ್ಥಿಯ ತೊಡಕು ಆ ತರಗತಿಯಲ್ಲಿ ಹುಟ್ಟಿದುದಲ್ಲ. ಬಹುಮಟ್ಟಿಗೆ ಅದು ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಉಳಿದುಹೋದ ಕೊರತೆ. ಪಾಠ ಮುಂದೆ ಸಾಗಿದಂತೆ ಅದೂ ಬೆಳೆಯುತ್ತದೆ; ಕಡೆಗೆ ಮಗುವಿಗೆ ‘ದಡ್ಡ’ನೆಂಬ ಹೆಸರು ಅಂಟಿ, ಅದು ಶಾಲೆಯಿಂದಲೇ ದೂರವಾಗುವುದುಂಟು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದ ಮೇಲೆ ಈ ಕೊರತೆ ಎಲ್ಲರ ಕಣ್ಣಿಗೂ ಬಿದ್ದಿತು. ಅದರ ನಿವಾರಣೆಗಾಗಿ ರಾಜ್ಯದಲ್ಲಿ 2022-23ನೆಯ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆಯಲಾಯಿತು.

ಮಗು ತನ್ನ ಕೈಯಿಂದ ಮಾಡಿ, ತನ್ನ ವೇಗದಲ್ಲಿ ಕಲಿಯಬೇಕೆಂಬ ತತ್ತ್ವ ನಾಡಿಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಇದನ್ನೇ ಆಧಾರವಾಗಿಟ್ಟುಕೊಂಡಿತು. ಕಲಿಕೆಯ ಏಣಿಯಲ್ಲಿ ಮಗು ನಿಂತ ಮೆಟ್ಟಿಲಿನಿಂದಲೇ ಪಾಠ ಮುಂದುವರಿಯುವುದು ಅದರ ಹಿರಿಮೆ.

ತಪ್ಪಿನ ಮೂಲ

52ರಲ್ಲಿ 27ನ್ನು ಕಳೆಯಲು ಹೇಳಿದಾಗ ಹಲವು ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ. ಎರಡರಲ್ಲಿ ಏಳು ಹೋಗದು. ಆದುದರಿಂದ ಏಳರಲ್ಲಿ ಎರಡನ್ನು ಕಳೆಯಬೇಕೆಂದು ಮಗು ತಾನೇ ಒಂದು ನಿಯಮವನ್ನು ಕಟ್ಟಿಕೊಂಡಿದೆ. ಲೆಕ್ಕ ಮಾಡಿದ ಬಗೆಯನ್ನು ಬಾಯಿಬಿಟ್ಟು ಹೇಳಿಸಿದರೆ ಇದು ತಿಳಿಯುತ್ತದೆ. ಕೆಂಪು ಶಾಯಿಯಲ್ಲಿ ತಪ್ಪೆಂದು ಗುರುತಿಸಿದ ಮಾತ್ರಕ್ಕೆ ಆ ನಿಯಮ ಅಳಿಯದು.

ಊರಿನಲ್ಲೇ ದೊರೆಯುವ ಪಾಠೋಪಕರಣ

ದಂಡಿನಶಿವರದ ಸುತ್ತಿನ ತೆಂಗಿನ ಸೀಮೆಯಲ್ಲಿ ಉಪಕರಣಕ್ಕೆ ಹಣ ಬೇಕಿಲ್ಲ. ಗರಿಯ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿಸಿ, ಐದು ಕಟ್ಟನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮಗುವಿನ ಮುಂದಿಡಬೇಕು. ಏಳು ಕಡ್ಡಿ ಕೊಡಬೇಕಾದಾಗ ಮಗು ತಾನೇ ಒಂದು ಕಟ್ಟನ್ನು ಬಿಚ್ಚುತ್ತದೆ. ಆಗ ಬಿಡಿ ಕಡ್ಡಿಗಳು ಹನ್ನೆರಡು. ಏಳು ಹೋಗಿ ಐದು ಉಳಿದುವು. ನಾಲ್ಕು ಕಟ್ಟಿನಲ್ಲಿ ಎರಡು ಹೋಗಿ ಎರಡು ಉಳಿದುವು. ಉತ್ತರ 25. ‘ದಶಕ ಪಡೆಯುವುದು’ ಎಂದರೇನೆಂಬುದು ಕೈಗೇ ತಿಳಿಯಿತು.

ವಿಸ್ತೀರ್ಣದ ಪಾಠಕ್ಕೆ ಆಟದ ಬಯಲಿನಲ್ಲಿ 33 ಅಡಿ ಚೌಕಕ್ಕೆ ಹಗ್ಗ ಹಿಡಿಸಬೇಕು. ಅದು 1,089 ಚದರ ಅಡಿ, ಅಂದರೆ ಒಂದು ಗುಂಟೆ. ಅಂತಹ ನಲವತ್ತು ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಮೂವತ್ತಡಿ ಅಂತರದಲ್ಲಿ ತೆಂಗು ನೆಟ್ಟರೆ ಒಂದು ಗಿಡಕ್ಕೆ 900 ಚದರ ಅಡಿ. ಎಕರೆಗೆ ಸುಮಾರು 48 ಗಿಡ. ತಂದೆಯ ತೋಟದ ಲೆಕ್ಕವೇ ಪಾಠವಾದಾಗ ಮಗು ಹಿಂಜರಿಯದು.

ಓದಿನಲ್ಲಿ ಒತ್ತಕ್ಷರವೇ ಬಹಳ ಮಕ್ಕಳ ತೊಡಕು. ‘ಕತೆ’ ಎಂದು ಬರೆದ ರಟ್ಟಿನ ಕೆಳಗೆ ಒತ್ತಿನ ಚೀಟಿಯನ್ನಿಟ್ಟು ‘ಕತ್ತೆ’ಯಾಗಿಸಿ, ‘ಹಳಿ’ಯನ್ನು ‘ಹಳ್ಳಿ’ಯಾಗಿಸಿ ಓದಿಸಿದರೆ ವ್ಯತ್ಯಾಸ ಕಣ್ಣಿಗೂ ಕಿವಿಗೂ ಒಮ್ಮೆಗೇ ನಾಟುತ್ತದೆ.

ಕೆಲವು ಎಚ್ಚರಿಕೆಗಳು

ಉಪಕರಣವು ಮೆಟ್ಟಿಲೇ ಹೊರತು ಮನೆಯಲ್ಲ. ಕಡ್ಡಿಯಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಮಗುವನ್ನು ಕ್ರಮವಾಗಿ ಕರೆದೊಯ್ಯಬೇಕು. ತರಗತಿಗಿಂತ ಕೊರತೆಯನ್ನು ನೋಡಿ ಚಿಕ್ಕ ಗುಂಪು ಮಾಡಿ, ದಿನವೂ ಅರ್ಧ ಗಂಟೆ ಮೀಸಲಿಡುವುದು ಲೇಸು. ಬೇರೊಂದು ಲೆಕ್ಕ ಕೊಟ್ಟು ಪರೀಕ್ಷಿಸಿ, ಕಲಿತವರನ್ನು ಗುಂಪಿನಿಂದ ಬಿಡುಗಡೆ ಮಾಡಬೇಕು. ಗುಂಪಿಗೆ ‘ಹಿಂದುಳಿದವರು’ ಎಂಬ ಹೆಸರನ್ನು ಮಾತ್ರ ಇಡಬಾರದು.

ಬಾಡಿದ ಸಸಿಯನ್ನು ಕಂಡ ತೋಟಗಾರ ಸಸಿಯನ್ನು ಬೈಯುವುದಿಲ್ಲ. ಬುಡವನ್ನು ಕೆದಕಿ ನೋಡುತ್ತಾನೆ. ಉಪಾಧ್ಯಾಯರ ಕರ್ತವ್ಯವೂ ಅಷ್ಟೆ.