ಹದಿನೈದು ತುಂಬಿದರೂ ಹುಡುಗಿ ದೊಡ್ಡವಳಾಗದಿದ್ದರೆ



ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಕೂರಿಸಿ ಆರತಿ ಎತ್ತುತ್ತೇವೆ. ಆದರೆ 15 ವರ್ಷ ತುಂಬಿದರೂ ಮುಟ್ಟಾಗದಿದ್ದರೆ? "ಇವತ್ತಲ್ಲ ನಾಳೆ ಆಗ್ತಾಳೆ ಬಿಡು" ಅಂತಾರೆ ಕೆಲವರು. "ಮದುವೆ ಮಾಡಿದ್ರೆ ಸರಿಹೋಗುತ್ತೆ" ಅಂತಾರೆ ಇನ್ನು ಕೆಲವರು. ಎರಡೂ ತಪ್ಪು. ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಕಾರಣಗಳು ಹಲವು: ತೂಕ ತೀರಾ ಕಡಿಮೆ ಇರುವುದು, ಥೈರಾಯ್ಡ್, ಹಾರ್ಮೋನಿನ ವ್ಯತ್ಯಾಸ. ಪ್ರತಿ ತಿಂಗಳು ಹೊಟ್ಟೆನೋವು ಬಂದು ರಕ್ತ ಮಾತ್ರ ಹೋಗದಿದ್ದರೆ, ದಾರಿ ಮುಚ್ಚಿಕೊಂಡು ರಕ್ತ ಒಳಗೇ ನಿಂತಿರಬಹುದು. ಆಗ ತಡಮಾಡಲೇಬಾರದು.

ಅಪರೂಪದ ಇನ್ನೊಂದು ಕಾರಣ ಎಂ.ಆರ್.ಕೆ.ಎಚ್. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಹುಟ್ಟಿನಿಂದಲೇ ಗರ್ಭಕೋಶ ಇರುವುದಿಲ್ಲ, ಅಥವಾ ಪೂರ್ತಿ ಬೆಳೆದಿರುವುದಿಲ್ಲ. ಯೋನಿಮಾರ್ಗವೂ ಚಿಕ್ಕದಾಗಿರುತ್ತದೆ. ಅಂಡಾಶಯ ಸರಿಯಾಗಿರುವುದರಿಂದ ಎದೆ, ಮೈಕಟ್ಟು ಎಲ್ಲರಂತೆಯೇ ಬೆಳೆಯುತ್ತದೆ. ಅವಳು ಪೂರ್ತಿ ಹೆಣ್ಣೇ. ತಾಯಿ ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ ಹೀಗಾಯಿತು ಅನ್ನುವುದು ಸುಳ್ಳು.

ಏನು ಮಾಡಬೇಕು?

1. ಬಂಗಾರಪೇಟೆ ಅಥವಾ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಅಗತ್ಯವಿದ್ದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ, ಬೆಂಗಳೂರಿನ ವಾಣಿವಿಲಾಸಕ್ಕೆ ಹೋಗಬಹುದು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ.

2. ಮೂತ್ರಪಿಂಡದ ಸ್ಕ್ಯಾನಿಂಗನ್ನೂ ಮಾಡಿಸಿ. ಇಂಥ ಕೆಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ.

3. ಯೋನಿಮಾರ್ಗ ಹಿಗ್ಗಿಸುವ ಚಿಕಿತ್ಸೆ ಇದೆ, ಆಪರೇಷನ್ ಇಲ್ಲದೆಯೂ ಆಗುತ್ತದೆ. ಅವಸರ ಬೇಡ. ಅವಳು ಬೆಳೆದು ತಾನೇ ಬೇಕು ಅಂದಾಗ ಸಾಕು.

4. ವಿಷಯವನ್ನು ಮೊದಲು ಹುಡುಗಿಗೇ ಹೇಳಿ. ಇದು ಅವಳ ದೇಹ. ಯಾರಿಗೆ ಹೇಳಬೇಕೆಂದು ಅವಳೇ ತೀರ್ಮಾನಿಸಲಿ. ಆದರೆ ಮುಚ್ಚಿಟ್ಟು ಮದುವೆ ಮಾಡಬೇಡಿ. ಆಮೇಲೆ ಬಂಜೆ ಅನ್ನುವ ಮಾತು ಕೇಳುವವಳು ಅವಳೇ.

ಸ್ವೀಡನ್‌ನಲ್ಲಿ ಹೀಗೆ ಹುಟ್ಟಿದ ಮಹಿಳೆಯೊಬ್ಬರು ಕಸಿ ಮಾಡಿದ ಗರ್ಭಕೋಶದಿಂದ 2014ರಲ್ಲಿ ಮಗು ಹೆತ್ತರು. 2017ರಲ್ಲಿ ಪುಣೆಯಲ್ಲೂ ಗರ್ಭಕೋಶದ ಕಸಿ ನಡೆಯಿತು. ಅದು ದೊಡ್ಡ ಖರ್ಚಿನ, ಅಪಾಯವೂ ಇರುವ ಆಪರೇಷನ್, ಎಲ್ಲರ ಕೈಗೆಟುಕದು. ಮಗು ಬೇಕೆಂದರೆ ಕಾನೂನುಬದ್ಧವಾಗಿ ದತ್ತು ತೆಗೆದುಕೊಳ್ಳಬಹುದು. ಓದು, ಕೆಲಸ, ಸಂಸಾರ ಯಾವುದಕ್ಕೂ ಇದು ಅಡ್ಡಿಯಲ್ಲ.

ಸಂಘದಲ್ಲಿ ಚರ್ಚಿಸಿ (ಯಾರ ಹೆಸರನ್ನೂ ಎತ್ತಬೇಡಿ):

* "ಇನ್ನೂ ಆಗಿಲ್ವಾ?" ಎಂದು ನಾವು ಕೇಳುವ ಮಾತು ಹುಡುಗಿಗೆ ಹೇಗೆ ತಾಗುತ್ತದೆ?
* ಮಕ್ಕಳಿಲ್ಲದ ಸೊಸೆಯನ್ನು ಶುಭಕಾರ್ಯಗಳಲ್ಲಿ ನಾವು ಹೇಗೆ ಕಾಣುತ್ತೇವೆ?
* ಸಂಕೋಚಪಡುವ ತಾಯಿಯ ಜೊತೆ ಆಸ್ಪತ್ರೆಗೆ ಹೋಗಲು ನಮ್ಮಲ್ಲಿ ಯಾರು ತಯಾರು?