ಪ್ರಳಯದ ಮಾರನೆಯ ದಿನ

ಇಂಥ ತಾರೀಖಿಗೆ ಲೋಕ ಮುಳುಗುತ್ತದೆ ಅಂತ ಫೋನಿನಲ್ಲಿ ಯಾರೋ ಹೇಳಿದರೆ ನೀವು ನಗುತ್ತೀರಿ, ನಕ್ಕು ಹತ್ತು ಜನಕ್ಕೆ ಕಳಿಸುತ್ತೀರಿ. ನಗುವುದಕ್ಕೆ ನನ್ನ ತಕರಾರಿಲ್ಲ ಮಕ್ಕಳೇ. ಆದರೆ ಆ ಹತ್ತರಲ್ಲಿ ಒಬ್ಬರು ನಗದೆ, ಬಾಗಿಲು ಹಾಕಿಕೊಂಡು ಅದನ್ನೇ ಮತ್ತೆ ಮತ್ತೆ ನೋಡುತ್ತಿರಬಹುದು. ನನ್ನ ಮಾತು ಅವರ ವಿಷಯ.

ನಾನಾಗ ಮಿಡ್ಲ್ ಸ್ಕೂಲಿನ ಹುಡುಗ. 1962ರ ಫೆಬ್ರವರಿ ಮೊದಲ ವಾರ ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಜೊತೆಗೆ ಕೇತು ಎಲ್ಲರೂ ಮಕರ ರಾಶಿಯಲ್ಲಿ ಸೇರಿದರು. ಅಷ್ಟಗ್ರಹ ಕೂಟ. ಪ್ರಳಯವಾಗುತ್ತದೆಂಬ ಭಯಕ್ಕೆ ದೇಶದ ತುಂಬ ಹೋಮ, ಅಖಂಡ ಭಜನೆ. ನೆಹರೂ ಅದನ್ನು ನಕ್ಕು ತಳ್ಳಿಹಾಕಿದರು, ನಮ್ಮ ಮೈಸೂರಿನ ಬೀದಿಯಲ್ಲಿ ಅನೇಕರಿಗೆ ನಗು ಬರಲಿಲ್ಲ.

ಲೆಕ್ಕವೇನೋ ಸುಳ್ಳಲ್ಲ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಒಂಟಿಕೊಪ್ಪಲು ಪಂಚಾಂಗವನ್ನು ಮನೆಮನೆಯಲ್ಲಿ ಇಟ್ಟುಕೊಂಡ ಊರು ನಮ್ಮದು. ಗ್ರಹಗಳ ಗಣಿತ ನಮ್ಮವರಿಗೆ ಹೊಸದಲ್ಲ. ಹೇಳಿದ ದಿನಕ್ಕೇ ಗ್ರಹಗಳು ಕೂಡಿದವು. ನಮಗೆ ಕಾಣದಿದ್ದರೂ ಆ 5ನೇ ತಾರೀಖು ಪೂರ್ಣ ಸೂರ್ಯಗ್ರಹಣವೂ ಆಯಿತು. ಆ ಸರಿಯಾದ ಗಣಿತದ ಹೆಗಲೇರಿ ಸುಳ್ಳು ಫಲವೂ ಊರೊಳಗೆ ಬಂತು. ಒಂದೇ ರಾಶಿಯಲ್ಲಿ ಕಂಡರೂ ಗ್ರಹಗಳ ನಡುವೆ ಕೋಟಿಗಟ್ಟಲೆ ಮೈಲಿ ಅಂತರ. ಕಡಲನ್ನು ಉಕ್ಕಿಸುವ ಶಕ್ತಿಯಲ್ಲಿ ಕುಜ, ಬುಧ, ಗುರು, ಶುಕ್ರ, ಶನಿ ಐವರೂ ಸೇರಿದರೂ ಚಂದ್ರನ ಹತ್ತು ಸಾವಿರದಲ್ಲೊಂದು ಪಾಲಿಗೂ ಸಮನಾಗುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳುವವರು ನಮ್ಮ ಓಣಿಯಲ್ಲಿ ಇರಲಿಲ್ಲ.

ಓಣಿಯಲ್ಲಿ ರಾಯರೆಂಬ ಒಬ್ಬರು ಗುಮಾಸ್ತರಿದ್ದರು. ಸಾಧು ಮನುಷ್ಯ. ಹೆಂಡತಿಯ ಎರಡೆಳೆ ಸರ ಗಿರವಿ ಇಟ್ಟು ಶಾಂತಿ ಹೋಮಕ್ಕೆ ದುಡ್ಡು ಕೊಟ್ಟರು. ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಫೀಸು ಕೇಳಿದರೆ, "ಯಾವ ಪರೀಕ್ಷೇನಮ್ಮಾ, ಬರೆಯೋಕೆ ಯಾರಿರ್ತಾರೆ?" ಅಂದರಂತೆ. 6ನೇ ತಾರೀಖು ಬೆಳಿಗ್ಗೆ ಹಾಲಿನವನು ಎಂದಿನ ಹೊತ್ತಿಗೆ ಬಂದ. ರಾಯರು ಚೊಂಬು ಹಿಡಿದುಕೊಂಡು ಹೊರಗೆ ಬಂದರು, ಹಾಲು ಹಾಕಿಸಿಕೊಂಡರು, ತಲೆ ಎತ್ತಲಿಲ್ಲ. ಗೆಳತಿಯರೆಲ್ಲ ಪರೀಕ್ಷೆ ಬರೆಯುವಾಗ ಆ ಹುಡುಗಿ ಮಹಡಿ ಮೇಲೆ ಸಂಡಿಗೆ ಕಾಯುತ್ತಿದ್ದಳು. ಮರುವರ್ಷ ಮದುವೆ ಮಾಡಿ ಕಳಿಸಿದರು. ಬಡ್ಡಿ ಕಟ್ಟಲಾಗದೆ ಸರವೂ ಮುಳುಗಿತು.

ರಾಯರು ಆಮೇಲೆ ಏನು ಹೇಳುತ್ತಿದ್ದರು ಗೊತ್ತೇ? "ಹೋಮ ಮಾಡಿದ್ದಕ್ಕೇ ಲೋಕ ಉಳೀತು." ನಾವು ಅದನ್ನು ಮೊಂಡುತನ ಅಂದುಕೊಂಡಿದ್ದೆವು. ಬಹಳ ವರ್ಷದ ಮೇಲೆ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನೋವಿಜ್ಞಾನಿಯ ಬಗ್ಗೆ ಓದಿದೆ. ಅವರು ಅಧ್ಯಯನ ಮಾಡಿದ ಷಿಕಾಗೋ ಕಡೆಯ ಸಣ್ಣದೊಂದು ಗುಂಪು 1954ರ ಡಿಸೆಂಬರ್ 21ಕ್ಕೆ ಜಲಪ್ರಳಯವೆಂದು ನಂಬಿತ್ತು. ನೀರು ಬರಲಿಲ್ಲ. ತಮ್ಮ ಗುಂಪಿನ ಬೆಳಕಿನಿಂದಲೇ ಲೋಕ ಉಳಿಯಿತೆಂದು ಅವರೂ ಹೇಳಿದರು, ಅಲ್ಲಿಯವರೆಗೆ ಪತ್ರಿಕೆಯವರನ್ನು ದೂರವಿಟ್ಟವರು ತಾವೇ ಕರೆದು ಹೇಳಿದರು! ಹೆಚ್ಚು ಕಳೆದುಕೊಂಡವನಿಗೆ ಸುಳ್ಳೆಂದು ಒಪ್ಪುವುದು ಹೆಚ್ಚು ಕಷ್ಟ. ಒಪ್ಪಿದರೆ ಸರ ಯಾಕೆ ಹೋಯಿತು, ಮಗಳ ಓದು ಯಾಕೆ ನಿಂತಿತು ಅಂತ ಹೆಂಡತಿಗೆ ಉತ್ತರ ಕೊಡಬೇಕಲ್ಲ.

ತಾರೀಖು ಕೊಟ್ಟವರಿಗೆ ಈ ಕಷ್ಟವಿಲ್ಲ. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದ. ಏನೂ ಆಗದಿದ್ದಾಗ ಅಕ್ಟೋಬರ್ 21 ಅಂದ. ಮರುವರ್ಷ ತಪ್ಪಾಯಿತು ಅಂದ. ಅವನ ಮಾತು ಸಾರಲು ನ್ಯೂಯಾರ್ಕಿನ ನಿವೃತ್ತ ಸಾರಿಗೆ ನೌಕರರೊಬ್ಬರು 1,40,000 ಡಾಲರ್ ಉಳಿತಾಯ ಸುರಿದು ಜಾಹೀರಾತು ಹಾಕಿಸಿದ್ದರು. ನಮ್ಮಲ್ಲೂ 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತದೆಂಬ ಭಯ ಬಂದುಹೋಯಿತು. 2012ರ ಡಿಸೆಂಬರ್ 21ರ ಪ್ರಳಯ ಟಿವಿಯಲ್ಲೇ ಬಂತು, ಟಿವಿಯಲ್ಲೇ ಹೋಯಿತು.

ಅಂದಹಾಗೆ, ಅಷ್ಟಗ್ರಹ ಕಳೆದ ಅದೇ ಫೆಬ್ರವರಿಯಲ್ಲಿ ಚುನಾವಣೆ ನಡೆದು ಹೊಸದುರ್ಗದಲ್ಲಿ ಮಾಜಿ ಮುಖ್ಯಮಂತ್ರಿ ನಿಜಲಿಂಗಪ್ಪನವರೇ ಸೋತರು. ಪ್ರಳಯ ಆಗಲಿಲ್ಲವಲ್ಲ ಅಂತ ಬೇಸರವಾಗಿದ್ದರೆ ಅವರೊಬ್ಬರಿಗೇ ಅಂತ ನಮ್ಮಪ್ಪ ತಮಾಷೆ ಮಾಡುತ್ತಿದ್ದರು. ಏಪ್ರಿಲ್ 5ಕ್ಕೆ ಯುಗಾದಿ. ಶುಭಕೃತು ಸಂವತ್ಸರದ ಹೊಸ ಪಂಚಾಂಗವನ್ನು ಎಂದಿನಂತೆ ದೇವರ ಮುಂದಿಟ್ಟು ಓದಿದೆವು. ಹೊಸ ವರ್ಷ ಬಂದೇ ಬಂತು. ಆದ್ದರಿಂದ ತಾರೀಖು ಕೊಡುವವರು ಮುಂದಿನ ವರ್ಷಕ್ಕೆ ಏನೇನು ಏರ್ಪಾಡು ಮಾಡಿಕೊಂಡಿದ್ದಾರೆ, ಮೊದಲು ಅದನ್ನು ನೋಡಿ. ಸೈಟು ಕೊಂಡಿದ್ದಾರೆಯೇ? ಮಗನನ್ನು ಕಾಲೇಜಿಗೆ ಸೇರಿಸಿದ್ದಾರೆಯೇ?

ಭಯವಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ದೀಪ ಹಚ್ಚಿ. ಅದರಿಂದ ಯಾರ ಮನೆಯೂ ಹಾಳಾಗಿಲ್ಲ. ಎಫ್‌ಡಿ ಮುರಿಸಬೇಡಿ, ರಾಜೀನಾಮೆ ಬರೆಯಬೇಡಿ, ಫೀಸು ತಪ್ಪಿಸಬೇಡಿ. ಇನ್ನೊಬ್ಬರ ತಾರೀಖನ್ನು ನಂಬಿ, ಹಿಂದಕ್ಕೆ ತರಲಾಗದ ಯಾವುದನ್ನೂ ಮಾಡಬೇಡಿ.

ನಿಮ್ಮ ಗೆಳೆಯನೋ ಚಿಕ್ಕಮ್ಮನೋ ನಂಬಿಬಿಟ್ಟಿದ್ದರೆ? ರಾಯರು ನಡೆದು ಹೋಗುವಾಗ ಓಣಿಯ ಹುಡುಗರು "ಪ್ರಳಯದ ರಾಯ್ರು" ಅಂತ ಕೂಗುತ್ತಿದ್ದರು. ಅವರು ಇನ್ನಷ್ಟು ಬಿಗಿಯಾದರು, ಇನ್ನೊಂದು ಹೋಮಕ್ಕೆ ರಸೀದಿ ಬರೆಸಿದರು. ನೀವು ಹಾಗೆ ಮಾಡಬೇಡಿ. ಹೇಳಿದ ದಿನ ಕಳೆದ ಬೆಳಿಗ್ಗೆ ಅವರ ಮನೆಗೆ ಹೋಗಿ, ಕೂತು ತಿಂಡಿ ತಿನ್ನಿ. ಕೊಟ್ಟ ರಾಜೀನಾಮೆ ವಾಪಸ್ ಪಡೆಯಲು ಅವಕಾಶವಿದೆಯೇ, ಫೀಸನ್ನು ದಂಡದ ಸಮೇತ ಕಟ್ಟಬಹುದೇ ವಿಚಾರಿಸಿಕೊಂಡು ಬನ್ನಿ. ಪ್ರಳಯದ ಮಾತನ್ನು ಅವರಾಗಿ ಎತ್ತುವ ತನಕ ನೀವು ಎತ್ತಬೇಡಿ.